ಹಾರೆಗೆ ಯಾವ ಸರಳು: ಬ್ರೈಟ್ ಬಾರ್, ಟಿಎಂಟಿ, ಇಎನ್ 8

ಮೊದಲೇ ಹೇಳಿಬಿಡುತ್ತೇನೆ, ಹಾರೆಗೆ ಇಎನ್ 8, ಅಂದರೆ ಮಧ್ಯಮ ಕಾರ್ಬನ್ ಇರುವ ಉಕ್ಕು. ಎರಡು ವರ್ಷದಿಂದ ಹಾರೆಗೆ ನಾನು ಬೇರೆ ಸರಳು ಮುಟ್ಟಿಲ್ಲ. ಅದಕ್ಕೂ ಮುಂಚೆ ಅಗ್ಗಕ್ಕೆ ಸಿಕ್ಕಿತು ಅಂತ ತಂದ ಮಾಲಿನಿಂದ 12 ಹಾರೆ ಹಾಳಾದವು. ಹಳೇ ಗಿರಾಕಿಯೊಬ್ಬರ ಮುಂದೆ ತಲೆ ತಗ್ಗಿಸಬೇಕಾಯಿತು.

ನಮ್ಮ ಕುಲುಮೆ ಶಹಾಬಾದ್ ಕಡೆ. ಇಲ್ಲಿನ ಫರ್ಸಿ ಕಲ್ಲು ನೆಲದಲ್ಲಿ ಪದರ ಪದರವಾಗಿ ಕೂತಿರುತ್ತದೆ. ಪದರದ ಸಂದಿಗೆ ಹಾರೆಯ ಚಪ್ಪಟೆ ತುದಿ ತೂರಿಸಿ, ಮೈಭಾರ ಹಾಕಿ ಎಬ್ಬಿಸುತ್ತಾರೆ. ಆ ತುದಿ ಮಾಡಲು 25 ಎಂಎಂ ದುಂಡು ಸರಳನ್ನು ಕಾಯಿಸಿ 6 ಎಂಎಂ ದಪ್ಪಕ್ಕೆ ಬಡಿಯಬೇಕು. ತಣ್ಣಗಿದ್ದಾಗ ಮೂರೂ ಸರಳು ಗಟ್ಟಿಯೇ. ಕೆಂಪಗೆ ಕಾದಾಗ ಯಾವುದು ಒಡೆಯದೆ ಹರಡುತ್ತದೆ ಅನ್ನುವುದೇ ನಮಗೆ ಮುಖ್ಯ.

ಬ್ರೈಟ್ ಬಾರ್ ತಂದದ್ದು ಕಲಬುರಗಿಯ ಒಂದು ಗುಜರಿ ಅಂಗಡಿಯಿಂದ. ಲೇತ್ ಕೆಲಸಕ್ಕೆ ಬರುವ ಇಎನ್ 1ಎ ಅಂತ ಅವರೇ ಹೇಳಿದ್ದರು. ಮೈಯೆಲ್ಲ ನುಣುಪು, ಹೊಳಪು, ತುಕ್ಕಿನ ಚುಕ್ಕೆ ಇಲ್ಲ. ಹೊಸ ಇಎನ್ 8 ಗಿಂತ ಕೆಜಿಗೆ 15 ರೂಪಾಯಿ ಕಡಿಮೆ. ತಂದುಬಿಟ್ಟೆ.

ಮೊದಲ ಸರಳು ಕಿತ್ತಳೆ ಬಣ್ಣಕ್ಕೆ ಬಂದಾಗ ತೆಗೆದು ಬಡಿದೆ. ಮೂರನೇ ಏಟಿಗೆ ಸರಳಿನ ಉದ್ದಕ್ಕೆ ಒಂದು ಕಪ್ಪು ಗೆರೆ ಕಾಣಿಸಿತು, ಕೂದಲಿನಷ್ಟು ತೆಳ್ಳಗೆ. ಕಾವು ಸಾಲಲಿಲ್ಲವೇನೋ ಅಂದುಕೊಂಡು ಹಳದಿ ಬರುವವರೆಗೂ ಕಾಯಿಸಿದೆ. ಈಗ ಅಂಚೇ ಬಾಯಿ ಬಿಟ್ಟಿತು. ಹಳೇ ಜೋಳದ ಹಿಟ್ಟಿಗೆ ಜಿಗಿ ಹೋಗಿದ್ದರೆ ರೊಟ್ಟಿ ತಟ್ಟುವಾಗ ಅಂಚು ಹೇಗೆ ಸೀಳುತ್ತದೆ? ಥೇಟ್ ಹಾಗೇ. ಕಾವು ಹೆಚ್ಚಿಸಿ ನೋಡಿದೆ, ಇಳಿಸಿ ನೋಡಿದೆ, ಮೆಲ್ಲಗೆ ಬಡಿದು ನೋಡಿದೆ. ಹನ್ನೆರಡರಲ್ಲಿ ಒಂದೂ ಸರಿಯಾಗಲಿಲ್ಲ. ಸಣ್ಣ ಬಿರುಕಿದ್ದ ನಾಲ್ಕನ್ನು ಗ್ರೈಂಡರ್ ಹಿಡಿದು ಸವರಿ ಕೊಟ್ಟೆ. ಅದು ನನ್ನ ತಪ್ಪು. ಮೂರನೇ ದಿನ ಗಣಿಯವರು ವಾಪಸ್ ತಂದರು. "ಅಣ್ಣಾರ, ಎರಡು ಫರ್ಸಿ ಎಬ್ಬಿಸೂದ್ರಾಗ ಸೀಳಿ ಬಿಡ್ತು ನೋಡ್ರಿ" ಅಂದರು. ಯಾರ ಕಾಲ ಮೇಲೂ ಕಲ್ಲು ಬೀಳಲಿಲ್ಲ, ಅಷ್ಟೇ ಪುಣ್ಯ.

ಕಾರಣ ಗಂಧಕ. ಲೇತ್‌ನಲ್ಲಿ ಚೂರು ಪಟಪಟ ಮುರಿದು ಬೀಳಲಿ ಅಂತ ಇಎನ್ 1ಎ ಗೆ ಬೇಕೆಂದೇ ಶೇಕಡಾ 0.2ರಿಂದ 0.3ರಷ್ಟು ಗಂಧಕ ಸೇರಿಸುತ್ತಾರೆ. ಗಂಧಕಕ್ಕೆ ಜೊತೆಯಾಗಿ ಬರೀ ಕಬ್ಬಿಣ ಸಿಕ್ಕರೆ ಇನ್ನೂ ಕಷ್ಟ. ಎರಡೂ ಕೂಡಿ 988 ಡಿಗ್ರಿಗೇ ಕರಗಿ, ಉಕ್ಕಿನ ಹರಳುಗಳ ನಡುವೆ ತೆಳ್ಳಗೆ ಹರಡುತ್ತವೆ. ಆಮೇಲೆ ಒಂದು ಏಟು ಸಾಕು, ಬಿಡಿಸಿಕೊಳ್ಳುತ್ತದೆ. ಇದನ್ನು ತಡೆಯಲು ಮ್ಯಾಂಗನೀಸ್ ಬೇಕು. ಅದು ಗಂಧಕವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಆ ಜೋಡಿ ಕುಲುಮೆಯ ಕಾವಿಗೆ ಕರಗುವುದಿಲ್ಲ. ಇಂಗ್ಲೆಂಡಿನಲ್ಲಿ ಬೆಸೆಮರ್ ಉಕ್ಕು, ಅಂದರೆ ಕರಗಿದ ಕಬ್ಬಿಣಕ್ಕೆ ಗಾಳಿ ಊದಿ ಮಾಡಿದ ಉಕ್ಕು, ಕೆಂಪಗಿದ್ದಾಗ ಒಡೆಯುತ್ತಿದ್ದುದಕ್ಕೆ 1856ರಲ್ಲಿ ಲೋಹತಜ್ಞ ರಾಬರ್ಟ್ ಮುಷೆಟ್ ಕಂಡುಕೊಂಡ ಮದ್ದಿನಲ್ಲೂ ಇದ್ದದ್ದು ಮ್ಯಾಂಗನೀಸೇ. ಇಎನ್ 1ಎ ನಲ್ಲೂ ಮ್ಯಾಂಗನೀಸ್ ಸಾಕಷ್ಟಿದೆ. ಆದರೆ ಗಂಧಕ ಇಷ್ಟು ಜಾಸ್ತಿ ಇದ್ದಾಗ ಆ ಜೋಡಿಯೇ ಸರಳಿನ ಉದ್ದಕ್ಕೂ ಎಳೆಎಳೆಯಾಗಿ ತುಂಬಿಕೊಂಡಿರುತ್ತದೆ. ಅಡ್ಡಕ್ಕೆ ಹರಡಲು ಹೋದರೆ ಆ ಎಳೆಯ ಗುಂಟ ಸೀಳುತ್ತದೆ. ನಾನು ಕಂಡ ಕಪ್ಪು ಗೆರೆ ಅದೇ.

ಇಂಥ ಲೇತ್ ಉಕ್ಕಿನಲ್ಲೇ ಸೀಸ ಬೆರೆಸಿದ ಬಗೆಯೂ ಬರುತ್ತದೆ. ಸೀಸ 327 ಡಿಗ್ರಿಗೇ ಕರಗುತ್ತದೆ, ಕುಲುಮೆಯಲ್ಲಿ ಅದರ ಹೊಗೆ ವಿಷ. ಗೊತ್ತಿಲ್ಲದ ಬ್ರೈಟ್ ಬಾರ್ ಬೆಂಕಿಗೆ ಹಾಕಲೇಬೇಡಿ.

ಟಿಎಂಟಿ, ಅಂದರೆ ಕಾಂಕ್ರೀಟಿಗೆ ಹಾಕುವ ಏಣುಳ್ಳ ಸರಳು, ಇಷ್ಟು ಕೆಟ್ಟದ್ದಲ್ಲ. ಮನೆ ಕಟ್ಟುವ ಕಡೆ ತುಂಡು ಸಿಗುತ್ತದೆ, ದುಡ್ಡೂ ಕಡಿಮೆ. ಚೆನ್ನಾಗಿಯೇ ಹರಡಿತು. ಆದರೆ ಒಂದು ಸರಳು, ನಾನು ಚಹಾ ಕುಡಿದು ಬರುವಷ್ಟರಲ್ಲಿ ಹಳದಿ ಕಾವಿನಲ್ಲೇ ಉಳಿದುಬಿಟ್ಟಿತ್ತು. ಬಗ್ಗಿಸಿದಾಗ ಮೇಲ್ಮೈಯಲ್ಲಿ ಒಣಗಿದ ಕೆರೆಯಂತೆ ಬಿರುಕು. ಇದು ತಾಮ್ರದ ಲಕ್ಷಣ. ಗುಜರಿ ಕರಗಿಸಿ ಮಾಡಿದ ಉಕ್ಕಿನಲ್ಲಿ ಮೋಟರ್ ವೈಂಡಿಂಗ್‌ನಂಥ ತಾಮ್ರ ಸೇರಿರುತ್ತದೆ. ಬೆಂಕಿಯಲ್ಲಿ ಮೇಲಿನ ಕಬ್ಬಿಣ ಕಿಟ್ಟವಾಗಿ ಉದುರುತ್ತದೆ, ತಾಮ್ರ ಕಿಟ್ಟವಾಗದೆ ಅಡಿಯಲ್ಲಿ ಉಳಿಯುತ್ತದೆ. 1085 ಡಿಗ್ರಿಗೆ ಅದು ಕರಗಿ ಹರಳಿನ ಸಂದಿಗೆ ಇಳಿಯುತ್ತದೆ. ಜಲ್ದಿ ಕಾಯಿಸಿ ಜಲ್ದಿ ಬಡಿದರೆ ತೊಂದರೆ ಕಡಿಮೆ. ಮೈಮೇಲಿನ ಏಣುಗಳು ಮಡಚಿಕೊಂಡು ಒಳಗೆ ಸೇರುವುದು ಇನ್ನೊಂದು ಕಿರಿಕಿರಿ. ಕಾರ್ಬನ್ ಕಡಿಮೆ ಇರುವುದರಿಂದ ಕಾದ ತುದಿ ನೀರಿಗೆ ಅದ್ದಿದರೂ ಸಾಕಷ್ಟು ಗಡುಸಾಗುವುದಿಲ್ಲ, ವಾರದಲ್ಲಿ ಮೊಂಡಾಗುತ್ತದೆ.

ಇಎನ್ 8 ಬಗ್ಗೆ ಹೇಳಲು ಹೆಚ್ಚಿಲ್ಲ, ಕಾಟ ಕೊಟ್ಟಿಲ್ಲ ನೋಡಿ. ಕಾರ್ಬನ್ ಶೇಕಡಾ ಸುಮಾರು 0.4, ಮ್ಯಾಂಗನೀಸ್ ಶೇಕಡಾ 0.6ರಿಂದ 1, ಗಂಧಕ ತೀರಾ ಕಡಿಮೆ. ಕಿತ್ತಳೆ ಕಾವಿನಲ್ಲಿ ಬೆಣ್ಣೆಯಂತೆ ಹರಡುತ್ತದೆ, ಅಂಚು ಒಂದೇ ಸಮ. ತುದಿ ಮಾತ್ರ ನೀರಿಗೆ ಅದ್ದಿ, ನೀಲಿ ಬಣ್ಣ ಬರುವವರೆಗೆ ಮತ್ತೆ ಕಾವು ಕೊಡುತ್ತೇನೆ.

ಲಾರಿಯ ಕಮಾನ್ ಪಟ್ಟಿ ಉಳಿಗೆ ಚೆನ್ನ, ಹಾರೆಗಲ್ಲ. ಬೇರಿಂಗ್ ಉಕ್ಕೂ ಹಾರೆಗಲ್ಲ. ಅದರಲ್ಲಿ ಕಾರ್ಬನ್ ಶೇಕಡಾ 1, ಜೊತೆಗೆ ಕ್ರೋಮಿಯಂ. ಕಾವು ಸ್ವಲ್ಪ ಮೀರಿದರೂ ಸುತ್ತಿಗೆ ಕೆಳಗೆ ಪುಡಿಯಾಗುತ್ತದೆ. ನಮ್ಮ ಬಿಸಿಲಲ್ಲಿ ಬಣ್ಣ ಸರಿಯಾಗಿ ಕಾಣುವುದಿಲ್ಲ, ಕಿತ್ತಳೆಯೂ ಮಂಕು ಕೆಂಪಾಗಿ ತೋರುತ್ತದೆ. ಅದಕ್ಕೇ ಕುಲುಮೆಗೆ ತಾಡಪತ್ರಿ ಕಟ್ಟಿ ಕತ್ತಲು ಮಾಡಿಕೊಂಡಿದ್ದೇನೆ.

ನಾನು ತಿಂಗಳಿಗೆ ಇಪ್ಪತ್ತು, ಮೂವತ್ತು ಹಾರೆ ಮಾಡುವವನು. ಕೆಜಿಗೆ 15 ರೂಪಾಯಿ ಜಾಸ್ತಿ ಕೊಟ್ಟರೂ ವಾಪಸ್ ಬರದಿದ್ದರೆ ನನಗೆ ಲಾಭವೇ. ಮನೆಗೆ ಒಂದು ಹಾರೆ ಸಾಕು, ಮಣ್ಣು ಅಗೆಯಲು ಅನ್ನುವವರಿಗೆ ಟಿಎಂಟಿ ನಡೆಯುತ್ತದೆ.

ಈಗ ಯಾವ ಸರಳು ತಂದರೂ ನಾಲ್ಕು ಇಂಚು ಕತ್ತರಿಸಿ, ಕಾಯಿಸಿ, ಅರ್ಧ ದಪ್ಪಕ್ಕೆ ಬಡಿದು ಅಂಚು ನೋಡುತ್ತೇನೆ. ಹತ್ತು ನಿಮಿಷದ ಕೆಲಸ. ಉಳಿದಿದ್ದ ಬ್ರೈಟ್ ಬಾರ್ ಪಕ್ಕದ ಲೇತ್‌ನವರಿಗೆ ಕೊಟ್ಟೆ. ಅವರು ಬುಷ್ ಮಾಡಿಕೊಂಡರು, ಬಹಳ ಚೆನ್ನಾಗಿ ಬಂದವು.