ಓಎಂಆರ್ ಹಾಳೆಯೊಳಗಿನ ಬೋಗರ್ಟ್: ದಾವಣಗೆರೆಯ ಒಂದು ಕಥಾ ಚಿಕಿತ್ಸಾ ಗುಂಪಿನ ವಿಮರ್ಶೆ

ದಾವಣಗೆರೆಯ ವಿದ್ಯಾನಗರದಲ್ಲಿ ಹದಿಹರೆಯದವರಿಗಾಗಿ ಶನಿವಾರ ಸಂಜೆ ನಡೆಯುವ ಒಂದು ಕೌನ್ಸೆಲಿಂಗ್ ಗುಂಪಿಗೆ ಕಳೆದ ವರ್ಷ ನನ್ನ ಮಗಳು ಸೇರಿದ್ದಳು. ಜನಪ್ರಿಯ ಫ್ಯಾಂಟಸಿ ಕಾದಂಬರಿಗಳ ಪ್ರಸಂಗಗಳನ್ನು ಓದಿಸಿ, ಅವುಗಳ ನೆಪದಲ್ಲಿ ಆತಂಕ, ಖಿನ್ನತೆಗಳ ಬಗ್ಗೆ ಮಾತನಾಡಿಸಿ, ಆ ಮಾತಿನಿಂದಲೇ ಮನೆಯಲ್ಲಿ ಮಾಡಬೇಕಾದ ಅಭ್ಯಾಸಗಳನ್ನು ರೂಪಿಸಿಕೊಡುವುದು ಈ ಗುಂಪಿನ ಕ್ರಮ. ನಡೆಸುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾದ ಕ್ಲಿನಿಕಲ್ ಸೈಕಾಲಜಿಸ್ಟ್. ನೋಂದಣಿ ಪತ್ರವನ್ನು ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ತೂಗುಹಾಕಿದ್ದಾರೆ. ಊರಿನಲ್ಲಿ ಒಬ್ಬರ ಮಕ್ಕಳು ಇನ್ನೊಬ್ಬರಿಗೆ ಗೊತ್ತಿರುವುದರಿಂದ, ಶನಿವಾರ ಆ ಮೆಟ್ಟಿಲು ಹತ್ತುವವರು ಯಾರೆಂದು ಯಾರೂ ಗುರುತಿಸಬಾರದೆಂಬ ಕಾರಣಕ್ಕೆ ಕೇಂದ್ರದ ಹೆಸರನ್ನು ಇಲ್ಲಿ ಬರೆದಿಲ್ಲ. ಮಗಳು ಓದಿ ಒಪ್ಪಿದ ಸಂಗತಿಗಳು ಮಾತ್ರ ಇಲ್ಲಿವೆ.

ಅವಳು ಓದಿನಲ್ಲಿ ಎಂದೂ ಹಿಂದೆ ಬಿದ್ದವಳಲ್ಲ. ದ್ವಿತೀಯ ಪಿಯುಸಿ ಶುರುವಾದ ಮೇಲೆ ನೀಟ್ ಅಣಕು ಪರೀಕ್ಷೆಗಳಲ್ಲಿ ವೃತ್ತ ತುಂಬಿ ಉತ್ತರ ಗುರುತಿಸುವ ಓಎಂಆರ್ ಹಾಳೆ ಕೈಗೆ ಬಂದ ಕೂಡಲೇ ಅಂಗೈ ಬೆವರಿ, ಎದೆ ಹೊಡೆದುಕೊಂಡು, ಉಸಿರು ಕಟ್ಟಿದಂತಾಗಿ ಅರ್ಧಕ್ಕೇ ಎದ್ದು ಬರತೊಡಗಿದಳು. ಇಸಿಜಿ, ಥೈರಾಯ್ಡ್ ಪರೀಕ್ಷೆಗಳಲ್ಲಿ ಏನೂ ದೋಷ ಕಾಣದಿದ್ದಾಗ ನಮ್ಮ ವೈದ್ಯರೇ ಇದು ಆತಂಕದ ಸಮಸ್ಯೆ ಎಂದು ಹೇಳಿ ಈ ಕೇಂದ್ರವನ್ನು ಸೂಚಿಸಿದರು. ನೇರವಾಗಿ ಎದುರು ಕೂರಿಸಿಕೊಂಡು "ನಿನಗೆ ಏನು ಭಯ?" ಎಂದು ಕೇಳಿದರೆ ಆ ವಯಸ್ಸಿನ ಮಕ್ಕಳು "ಏನಿಲ್ಲ" ಎಂದು ಮಾತು ಮುಗಿಸಿಬಿಡುತ್ತಾರೆ. ಅದೇ ಮಕ್ಕಳು ಕಥೆಯಲ್ಲಿ ಬರುವ ಹುಡುಗನೊಬ್ಬನ ಭಯದ ಬಗ್ಗೆ ಗಂಟೆಗಟ್ಟಲೆ ಮಾತನಾಡುತ್ತಾರೆ, ಮತ್ತು ಆಡುವ ಮಾತು ಬಹುಪಾಲು ಅವರದೇ ಆಗಿರುತ್ತದೆ. ಈ ಗುಂಪಿನ ಇಡೀ ಕೆಲಸ ನಿಂತಿರುವುದು ಈ ತಿಳಿವಳಿಕೆಯ ಮೇಲೆ.

ಹೆಚ್ಚು ಬಳಕೆಯಾದದ್ದು 1999ರಲ್ಲಿ ಪ್ರಕಟವಾದ ಹ್ಯಾರಿ ಪಾಟರ್ ಸರಣಿಯ ಮೂರನೆಯ ಪುಸ್ತಕ. ಅದರಲ್ಲಿ ಬರುವ ಬೋಗರ್ಟ್ ಎಂಬ ಜೀವಿ ಕತ್ತಲೆಯ ಮೂಲೆಗಳಲ್ಲಿ, ಬೀರುಗಳಲ್ಲಿ ಅಡಗಿದ್ದು, ಎದುರಾದವರು ಯಾವುದಕ್ಕೆ ಅತಿ ಹೆಚ್ಚು ಹೆದರುತ್ತಾರೋ ಅದೇ ರೂಪ ತಾಳುತ್ತದೆ. ನೆವಿಲ್ ಎಂಬ ಅಂಜುಬುರುಕ ಹುಡುಗನಿಗೆ ಅದು ತರಗತಿಯಲ್ಲಿ ಸದಾ ಹೀಯಾಳಿಸುವ ಮೇಷ್ಟ್ರಾಗಿ ಕಾಣಿಸುತ್ತದೆ. ಲ್ಯೂಪಿನ್ ಎಂಬ ಇನ್ನೊಬ್ಬ ಮೇಷ್ಟ್ರು ಹೇಳಿಕೊಟ್ಟಂತೆ ನೆವಿಲ್ ಆ ರೂಪಕ್ಕೆ ತನ್ನ ಅಜ್ಜಿಯ ಉಡುಪನ್ನೂ ರಣಹದ್ದಿನ ಟೊಪ್ಪಿಯನ್ನೂ ಮನಸ್ಸಿನಲ್ಲೇ ತೊಡಿಸುತ್ತಾನೆ, ತರಗತಿಯೆಲ್ಲ ನಗುತ್ತದೆ, ಭಯ ಸೋಲುತ್ತದೆ. ಈ ಭಾಗವನ್ನು ಓದಿದ ಸಂಜೆ ಮಕ್ಕಳಿಗೆ ಒಂದೊಂದು ಖಾಲಿ ಹಾಳೆ ಕೊಟ್ಟು ತಮ್ಮ ಬೋಗರ್ಟನ್ನು ಬರೆಯಲು ಅಥವಾ ಚಿತ್ರಿಸಲು ಹೇಳಿದರಂತೆ. ಹಲವರು ಹಲ್ಲಿ, ಕತ್ತಲು, ಪ್ರಾಂಶುಪಾಲರು ಎಂದು ಬರೆದರೆ, ನನ್ನ ಮಗಳು ಸಾಲು ಸಾಲಾಗಿ ಖಾಲಿ ವೃತ್ತಗಳನ್ನು ಬಿಡಿಸಿ, "ನನ್ನ ಬೋಗರ್ಟ್ ಬೀರುವಿನಲ್ಲಿಲ್ಲ ಮೇಡಂ, ಓಎಂಆರ್ ಶೀಟಿನಲ್ಲಿದೆ" ಎಂದಳಂತೆ. ಅಲ್ಲಿಯವರೆಗೆ ಅವಳು ಈ ಮಾತನ್ನು ನಮಗಾಗಲೀ ವೈದ್ಯರಿಗಾಗಲೀ ಹೇಳಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನು ಈ ವಿಮರ್ಶೆಯನ್ನು ಬರೆಯುತ್ತಿರಲಿಲ್ಲ. ಭಯಕ್ಕೆ ಹೆಸರು ಸಿಕ್ಕಿತೆಂದ ಮಾತ್ರಕ್ಕೆ ಅದು ಹೋಗುವುದಿಲ್ಲ. ಇದೇ ಪುಸ್ತಕದಲ್ಲಿ ಡಿಮೆಂಟರ್ ಎಂಬ ಜೀವಿಗಳಿವೆ. ಅವು ಹತ್ತಿರ ಬಂದರೆ ಮನಸ್ಸಿನ ಸಂತೋಷವೆಲ್ಲ ಬತ್ತಿ ಹೋಗುತ್ತದೆ. ತಾನು ಅನುಭವಿಸಿದ ಖಿನ್ನತೆಯಿಂದಲೇ ಅವುಗಳನ್ನು ಕಲ್ಪಿಸಿದೆ ಎಂದು ಲೇಖಕಿ ಜೆ.ಕೆ. ರೌಲಿಂಗ್ ಹೇಳಿದ್ದಾರೆ. ಅವುಗಳನ್ನು ಎದುರಿಸುವುದನ್ನು ಹ್ಯಾರಿಗೆ ಕಲಿಸುವಾಗ ಲ್ಯೂಪಿನ್ ನಿಜವಾದ ಡಿಮೆಂಟರ್ ಮುಂದೆ ಅವನನ್ನು ತಳ್ಳುವುದಿಲ್ಲ. ಹ್ಯಾರಿಯ ಎದುರು ಬಂದರೆ ಬೋಗರ್ಟ್ ಡಿಮೆಂಟರಿನ ರೂಪ ತಾಳುವುದರಿಂದ, ಪೆಟ್ಟಿಗೆಯೊಂದರಲ್ಲಿ ಬೋಗರ್ಟನ್ನು ತಂದು, ತಾನು ಪಕ್ಕದಲ್ಲೇ ನಿಂತು, ಮುಚ್ಚಳ ತೆರೆದು ಮುಚ್ಚಿ ಅಭ್ಯಾಸ ಮಾಡಿಸುತ್ತಾನೆ. ಹುಡುಗ ಮೊದಲು ಕುಸಿದು ಬೀಳುತ್ತಾನೆ; ಆರಿಸಿಕೊಂಡ ಸಿಹಿ ನೆನಪಿಗೆ ಸಾಕಷ್ಟು ಬಲವಿಲ್ಲವೆಂದು ತಿಳಿದು ಬೇರೊಂದು ನೆನಪನ್ನು ಹುಡುಕುತ್ತಾನೆ; ಮತ್ತೆ ನಿಲ್ಲುತ್ತಾನೆ. ಮನೋಚಿಕಿತ್ಸೆಯ ಪಠ್ಯಗಳಲ್ಲಿರುವ ಕ್ರಮವೂ ಇದರ ಹತ್ತಿರದ್ದೇ. ಭಯದ ವಸ್ತುವಿನ ಸಮೀಪಕ್ಕೆ ಹಂತ ಹಂತವಾಗಿ ಕರೆದೊಯ್ಯುವ ಕ್ರಮವನ್ನು ಜೋಸೆಫ್ ವೋಲ್ಪೆ 1958ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದರು, ಇಂದಿನ ಆತಂಕ ಚಿಕಿತ್ಸೆಯ ಬಹುಭಾಗ ಆ ದಾರಿಯಲ್ಲೇ ಬೆಳೆದಿದೆ. ಹೆದರಿಕೆಯಿಂದ ಎದ್ದು ಹೊರಬಂದಾಗ ಆ ಕ್ಷಣಕ್ಕೆ ನಿರಾಳವಾಗುತ್ತದೆ, ಆ ನಿರಾಳವೇ ಮುಂದಿನ ಸಲವೂ ಎದ್ದು ಬರುವುದನ್ನು ಕಲಿಸುತ್ತದೆ. ಅದಕ್ಕಾಗಿ ನನ್ನ ಮಗಳಿಗೆ ಮೊದಲು ಖಾಲಿ ಓಎಂಆರ್ ಹಾಳೆಯನ್ನು ಓದುವ ಮೇಜಿನ ಮೇಲೆ ಸುಮ್ಮನೆ ಇಟ್ಟುಕೊಳ್ಳಲು ಹೇಳಿದರು. ಅನಂತರ ಪ್ರಶ್ನೆಗಳಿಲ್ಲದೆ ವೃತ್ತಗಳನ್ನು ತುಂಬುವುದು, ಬಳಿಕ ಗಡಿಯಾರ ಇಟ್ಟುಕೊಂಡು ಕೆಲವೇ ಪ್ರಶ್ನೆಗಳಿಗೆ ಉತ್ತರಿಸುವುದು, ಆಮೇಲೆ ಕೇಂದ್ರದಲ್ಲಿ ಬೇರೆ ಮಕ್ಕಳ ನಡುವೆ ಕುಳಿತು ಬರೆಯುವುದು, ಕೊನೆಗೆ ಕಾಲೇಜಿನ ಸಭಾಂಗಣ. ಎದೆಬಡಿತ ಏರಿದಾಗ ಎದ್ದು ಬರದೆ, ಅದು ತಾನಾಗಿ ಇಳಿಯುವವರೆಗೆ ಕುಳಿತಿರಬೇಕೆಂಬುದೇ ಪ್ರತಿ ಹಂತದ ಷರತ್ತು. ಅವಳು ಈಗ ಅಣಕು ಪರೀಕ್ಷೆಗಳನ್ನು ಪೂರ್ತಿ ಬರೆದು ಬರುತ್ತಾಳೆ. ಅಂಗೈ ಈಗಲೂ ಬೆವರುತ್ತದೆ, ಆದ್ದರಿಂದ ಕರವಸ್ತ್ರವೊಂದನ್ನು ಜೊತೆಗೆ ಒಯ್ಯುತ್ತಾಳೆ.

ಪೋಷಕರ ಸಭೆಯಲ್ಲಿ ಸೈಕಾಲಜಿಸ್ಟ್ ಹೆಚ್ಚು ಹೊತ್ತು ಮಾತನಾಡಿದ್ದು ಚಾಕೊಲೇಟಿನ ಬಗ್ಗೆ. ಕಥೆಯಲ್ಲಿ ಡಿಮೆಂಟರಿನ ಎದುರು ಕುಸಿದವನಿಗೆ ಲ್ಯೂಪಿನ್ ಮೊದಲು ಕೊಡುವುದು ಅದನ್ನೇ. ಉಪದೇಶವನ್ನಾಗಲೀ ವಿಚಾರಣೆಯನ್ನಾಗಲೀ ಆತ ಮುಂದಿಡುವುದಿಲ್ಲ. ಪರೀಕ್ಷೆ ಬರೆದು ಬಂದ ಮಗುವಿಗೆ ನಮ್ಮ ಮನೆಗಳ ಬಾಗಿಲಲ್ಲಿ ಸಿಗುವುದು "ಎಷ್ಟು ಬರುತ್ತೆ?" ಎಂಬ ಪ್ರಶ್ನೆ ಎಂದು ಅವರು ಹೇಳಿದಾಗ ಸಭೆಯಲ್ಲಿದ್ದ ತಂದೆ-ತಾಯಂದಿರಲ್ಲಿ ಯಾರೂ ಅಲ್ಲಗಳೆಯಲಿಲ್ಲ. ಆ ದಿನ ಅಂಕದ ಮಾತೆತ್ತದೆ ತಿನ್ನಲು ಏನಾದರೂ ಕೊಟ್ಟು ಸುಮ್ಮನಿರಿ, ಮಾತನಾಡಬೇಕೆನಿಸಿದರೆ ಮಗುವೇ ಮಾತನಾಡುತ್ತದೆ ಎಂದರು. ಒಂದು ಮಿರ್ಚಿ-ಮಂಡಕ್ಕಿಯ ಪೊಟ್ಟಣ ಎಷ್ಟು ಕೆಲಸ ಮಾಡಬಲ್ಲದೆಂಬುದನ್ನು ನಾವು ಮನೆಯಲ್ಲಿ ಕಂಡಿದ್ದೇವೆ.

ಗುಂಪಿನ ದೊಡ್ಡ ಕೊರತೆ ಭಾಷೆಯದು. ಓದಿಸುವ ಪುಸ್ತಕಗಳು ಇಂಗ್ಲಿಷ್, ಆರಂಭದಲ್ಲಿ ತುಂಬಿಸಿಕೊಳ್ಳುವ ಅರ್ಜಿಯೂ ಇಂಗ್ಲಿಷ್. ಜಗಳೂರಿನ ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದ, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದ ಹುಡುಗನೊಬ್ಬ ಮೊದಲ ವಾರಗಳಲ್ಲಿ ಬಾಯಿಯೇ ಬಿಡಲಿಲ್ಲವಂತೆ. ಸರಣಿಯ ಮುಂದಿನ ಭಾಗವೊಂದರಲ್ಲಿ ಖಳನಾಯಕ ತನ್ನ ಪ್ರಾಣವನ್ನು ತುಂಡರಿಸಿ ವಸ್ತುಗಳಲ್ಲಿ ಬಚ್ಚಿಡುವ ಪ್ರಸಂಗ ಬಂದ ದಿನ ಅವನು, "ಇದು ಏಳು ಸಮುದ್ರದಾಚೆ ಗಿಳಿಯೊಳಗೆ ರಾಕ್ಷಸನ ಪ್ರಾಣ ಇರೋ ಕಥೆನೇ ಅಲ್ವಾ ಮೇಡಂ, ನಮ್ಮಜ್ಜಿ ಹೇಳ್ತಿದ್ರು" ಎಂದು ಆ ಕಥೆಯನ್ನು ಪೂರ್ತಿ ಹೇಳಿದನಂತೆ. ಆ ಸಂಜೆಯ ಉಳಿದ ಭಾಗವನ್ನು ಸೈಕಾಲಜಿಸ್ಟ್ ಆ ಕಥೆಗೇ ಬಿಟ್ಟುಕೊಟ್ಟದ್ದು ಅವರ ವೃತ್ತಿಜಾಣ್ಮೆಗೆ ಸಾಕ್ಷಿ. ರಾಕ್ಷಸನನ್ನು ಎಷ್ಟು ಹೊಡೆದರೂ ಸಾಯುವುದಿಲ್ಲ, ಗಿಳಿ ಎಲ್ಲಿದೆಯೆಂದು ಹುಡುಕಬೇಕು. ನಿಮ್ಮ ರಾಕ್ಷಸನ ಗಿಳಿ ಎಲ್ಲಿದೆ ಎಂದು ಪ್ರತಿಯೊಬ್ಬರನ್ನೂ ಕೇಳಿದರು. ಸಮಸ್ಯೆಯನ್ನು ವ್ಯಕ್ತಿಯಿಂದ ಬೇರ್ಪಡಿಸಿ ಹೊರಗಿಟ್ಟು ನೋಡುವ ಈ ಕ್ರಮವನ್ನು ಆಸ್ಟ್ರೇಲಿಯಾದ ಮೈಕೆಲ್ ವೈಟ್ ಮತ್ತು ನ್ಯೂಜಿಲೆಂಡಿನ ಡೇವಿಡ್ ಎಪ್‌ಸ್ಟನ್ ರೂಪಿಸಿದರು, ಅವರ ಪುಸ್ತಕ ಬಂದದ್ದು 1990ರಲ್ಲಿ. ನಮ್ಮಲ್ಲಿ ಇದಕ್ಕೆ ಒದಗುವ ಕಥೆಗಳಿಗೆ ಬರವಿಲ್ಲ. ಗೊತ್ತಿದ್ದ ಕಥೆಯನ್ನೂ ಹಾಡನ್ನೂ ಯಾರಿಗೂ ಹೇಳದೆ ಇಟ್ಟುಕೊಂಡ ಹೆಂಗಸಿನ ಮನೆಯಲ್ಲಿ ಆ ಕಥೆ ಜೋಡಾಗಿ, ಹಾಡು ಅಂಗಿಯಾಗಿ ಹೊರಬಿದ್ದು ಗಂಡ-ಹೆಂಡಿರ ನಡುವೆ ಜಗಳ ತಂದಿಡುವ ಜನಪದ ಕಥೆಯನ್ನು ಎ.ಕೆ. ರಾಮಾನುಜನ್ ಸಂಗ್ರಹಿಸಿದ್ದಾರೆ. ಒಳಗೆ ಹುದುಗಿಸಿಟ್ಟದ್ದು ಬೇರೆ ರೂಪದಲ್ಲಿ ಹೊರಬರುತ್ತದೆ ಎಂಬುದನ್ನು ಹದಿನೇಳರ ಮಕ್ಕಳಿಗೆ ಇದಕ್ಕಿಂತ ನೇರವಾಗಿ ಹೇಳುವ ಪಾಠ ನನಗೆ ತಿಳಿದಿಲ್ಲ. ಇಂಥ ಕಥೆಗಳು ಆಕಸ್ಮಿಕವಾಗಿ ಬರುವ ಬದಲು ಪಠ್ಯದಲ್ಲೇ ಸೇರಬೇಕು ಎಂದು ಅಭಿಪ್ರಾಯ ಪುಸ್ತಕದಲ್ಲಿ ಬರೆದು ಬಂದಿದ್ದೇನೆ.

ಇನ್ನೊಂದು ಆಕ್ಷೇಪವನ್ನೂ ದಾಖಲಿಸಬೇಕು. ಒಂದು ವಾರ ಸೈಕಾಲಜಿಸ್ಟ್ ಇಲ್ಲದಿದ್ದಾಗ ಸಹಾಯಕರೊಬ್ಬರು ಮಕ್ಕಳಿಗೆ ಪ್ರಶ್ನಾವಳಿ ಕೊಟ್ಟು, ಕಾದಂಬರಿಯ ಶಾಲೆಯಲ್ಲಿ ಮಾಡುವಂತೆ ನಾಲ್ಕು ಬಣಗಳಾಗಿ ವಿಂಗಡಿಸಿದರು. ಅಂಕದ ಆಧಾರದಲ್ಲಿ 'ಎ' ಸೆಕ್ಷನ್, 'ಬಿ' ಸೆಕ್ಷನ್ ಎಂದು ವರ್ಷವಿಡೀ ವಿಂಗಡಣೆಗೊಳಗಾದ ಮಕ್ಕಳಿಗೆ ಇದು ಆಟವಾಗಿ ಕಾಣಲಿಲ್ಲ. ತಾವು ಇಲ್ಲಿಯೂ ಸಾಧಾರಣರ ಗುಂಪಿಗೆ ಬಿದ್ದೆವೆಂದು ಇಬ್ಬರು ಮಕ್ಕಳು ಕಣ್ಣೀರು ಹಾಕಿದರಂತೆ. ಮುಂದಿನ ವಾರವೇ ಅದನ್ನು ನಿಲ್ಲಿಸಿ, ಮಕ್ಕಳ ಮುಂದೆ ವಿಷಾದ ವ್ಯಕ್ತಪಡಿಸಿದ್ದು ಸರಿಯಾದ ನಡೆ. ಆದರೂ ಕಾದಂಬರಿಯ ಅಭಿಮಾನಿಯಾಗಿರುವುದು ಚಿಕಿತ್ಸೆ ನಡೆಸಲು ಸಾಕಾಗುವ ಅರ್ಹತೆಯಲ್ಲವಾದ್ದರಿಂದ ತರಬೇತಿ ಪಡೆದವರು ಇಲ್ಲದ ದಿನ ಗುಂಪನ್ನು ರದ್ದುಪಡಿಸುವುದೇ ಮೇಲು. ಕೆಳಗಿನ ರಸ್ತೆಯ ಸದ್ದು ಕೊಠಡಿಯೊಳಗೆ ಕೇಳುತ್ತದೆ, ಮದುವೆಯ ಕಾಲದಲ್ಲಿ ಮೆರವಣಿಗೆಯ ವಾದ್ಯವೂ ಸೇರಿಕೊಳ್ಳುತ್ತದೆ.

ಈ ವಿಧಾನದ ಹಿನ್ನೆಲೆ ಹೊಸದಲ್ಲ. ಪುಸ್ತಕದ ಮೂಲಕ ಚಿಕಿತ್ಸೆ ಎಂಬರ್ಥದ ಬಿಬ್ಲಿಯೋಥೆರಪಿ ಎಂಬ ಪದವನ್ನು ಸ್ಯಾಮ್ಯುಯೆಲ್ ಕ್ರಾದರ್ಸ್ 1916ರಲ್ಲೇ ಅಮೆರಿಕದ ಪತ್ರಿಕೆಯೊಂದರಲ್ಲಿ ಬಳಸಿದ್ದರು. ಇಂಗ್ಲೆಂಡಿನಲ್ಲಿ 2013ರಿಂದ ವೈದ್ಯರು ಸೂಚಿಸಿದ ಪುಸ್ತಕಗಳನ್ನು ಗ್ರಂಥಾಲಯಗಳ ಮೂಲಕ ಒದಗಿಸುವ ಯೋಜನೆಯೂ ಇದೆ. ಆದರೆ ಸಂಶೋಧನೆಯ ಗಟ್ಟಿ ಬೆಂಬಲ ಹೆಚ್ಚಾಗಿ ಇರುವುದು ಸಿಬಿಟಿ, ಅಂದರೆ ಆಲೋಚನೆ ಮತ್ತು ನಡವಳಿಕೆಯನ್ನು ಬದಲಿಸುವ ಚಿಕಿತ್ಸೆ ಆಧಾರಿತ ಸ್ವಸಹಾಯ ಪುಸ್ತಕಗಳಿಗೆ. ಕಥೆ-ಕಾದಂಬರಿಗಳ ವಿಷಯದಲ್ಲಿ ಪುರಾವೆ ಇನ್ನೂ ತೆಳುವಾಗಿದೆ. ಇದನ್ನು ಕೇಂದ್ರದವರೇ ಮೊದಲ ಭೇಟಿಯಲ್ಲಿ ಹೇಳಿದರು, ಕಾದಂಬರಿ ಓದಿದರೆ ಕಾಯಿಲೆ ವಾಸಿಯಾಗುತ್ತದೆಂದು ಎಲ್ಲಿಯೂ ಹೇಳಲಿಲ್ಲ. ಅವರ ಮೇಲೆ ನನಗೆ ವಿಶ್ವಾಸ ಮೂಡಿದ್ದು ಆ ಮಾತಿನಿಂದ. ಮೂರನೆಯ ಪುಸ್ತಕ ಓದಿ ಮುಗಿಸಿದ ಎಷ್ಟೋ ಮಕ್ಕಳು ಪರೀಕ್ಷೆಗೆ ಹೆದರುತ್ತಲೇ ಇದ್ದಾರೆ. ನನ್ನ ಮಗಳ ವಿಷಯದಲ್ಲಿ ಕೆಲಸ ಮಾಡಿದ್ದು ಮೇಜಿನ ಮೇಲಿಟ್ಟ ಆ ಹಾಳೆಯೇ ಎಂದು ನಾನು ನಂಬುತ್ತೇನೆ, ಆದರೆ ಕಥೆಯಿಲ್ಲದೆ ಅವಳು ಆ ಹಾಳೆಯನ್ನು ಮೇಜಿನ ಮೇಲೆ ಇಡಲು ಒಪ್ಪುತ್ತಿರಲಿಲ್ಲ.

ಗುಂಪಿಗೆ ಸೇರುವ ಮೊದಲು ವೈಯಕ್ತಿಕ ಭೇಟಿಗಳು ಕಡ್ಡಾಯ. ತೀವ್ರ ಖಿನ್ನತೆ ಅಥವಾ ಬದುಕು ಬೇಡವೆಂಬ ಆಲೋಚನೆ ಇರುವ ಮಕ್ಕಳನ್ನು ಗುಂಪಿಗೆ ಸೇರಿಸಿಕೊಳ್ಳದೆ ಮನೋವೈದ್ಯರ ಬಳಿಗೆ ಕಳುಹಿಸುತ್ತಾರೆ. ಅಂಥ ಸ್ಥಿತಿಯಲ್ಲಿ ಶನಿವಾರದವರೆಗೆ ಕಾಯಬಾರದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಲಭ್ಯವಿದೆ, ಕನ್ನಡದಲ್ಲೂ ಮಾತನಾಡಬಹುದು. ವೈಯಕ್ತಿಕ ಭೇಟಿಗೆ 600 ರೂಪಾಯಿ, ಗುಂಪಿಗೆ ಪ್ರತಿ ವಾರ 350 ರೂಪಾಯಿ. ಹಾಸ್ಟೆಲ್ ಮಕ್ಕಳಿಗೆ ಕೇಳಿದರೆ ಕಡಿಮೆ ಮಾಡುತ್ತಾರೆ. ಪುಸ್ತಕ ಕೊಳ್ಳಬೇಕಿಲ್ಲ, ಅಲ್ಲಿಯೇ ಕೊಡುತ್ತಾರೆ; ಪ್ರತಿಗಳು ಕಡಿಮೆ ಇರುವುದರಿಂದ ವಾರದೊಳಗೆ ಹಿಂತಿರುಗಿಸಬೇಕು. ಸಿನಿಮಾ ಮಾತ್ರ ನೋಡಿರುವ ಮಕ್ಕಳೂ ಸೇರಬಹುದು. ಊರಿನ ಮನೋವೈದ್ಯರಲ್ಲಿ ಹಲವರಿಗೆ ಈ ಗುಂಪಿನ ಪರಿಚಯವಿದೆ, ಅವರನ್ನು ಕೇಳಿದರೆ ವಿಳಾಸ ಸಿಗುತ್ತದೆ. ಸಾಕಷ್ಟು ಮಕ್ಕಳು ಬಂದರೆ ಕನ್ನಡದಲ್ಲೇ ಪ್ರತ್ಯೇಕ ಗುಂಪು ನಡೆಸುವುದಾಗಿ ಹೇಳಿದ್ದಾರೆ, ಆದ್ದರಿಂದ ಹೆಸರು ಬರೆಸುವವರು ತಮ್ಮ ಮಗುವಿಗೆ ಕನ್ನಡದ ಗುಂಪೇ ಬೇಕೆಂದು ಅರ್ಜಿಯಲ್ಲಿ ಬರೆಯಿರಿ.