ಮೂರು ಬಂಪರ್, ಒಂದೇ ವಿಂಚ್: ತೋಟದ ಥಾರ್‌ಗೆ ಯಾವುದು ಸರಿ?

ಜೂನ್ ಹತ್ತಿರ ಬಂತೆಂದರೆ ನಮ್ಮ ಮನೆಯಲ್ಲಿ ಎರಡು ಸಾಮಾನು ಮುಂಬಾಗಿಲಿಗೆ ಬರುತ್ತವೆ. ಒಂದು ಗಂಬೂಟು, ಇನ್ನೊಂದು ವಿಂಚ್ ರಿಮೋಟು. ವಿಂಚ್ ಅಂದರೆ ಗಾಡಿಯ ಮೂತಿಗೆ ಕೂರಿಸುವ, ಮೋಟಾರಿನಿಂದ ಡ್ರಮ್ಮಿಗೆ ಹಗ್ಗ ಸುತ್ತಿ ಭಾರ ಎಳೆಯುವ ಯಂತ್ರ.

ತೋಟ ಇರುವುದು ಸಕಲೇಶಪುರದಿಂದ ಬಿಸಿಲೆ ಕಡೆಗೆ. ಟಾರು ರಸ್ತೆ ಬಿಟ್ಟ ಮೇಲೆ ಎರಡೂವರೆ ಕಿಲೋಮೀಟರ್ ಮಣ್ಣಿನ ದಾರಿ. ಮಳೆ ಹಿಡಿದರೆ ಸಿಲ್ವರ್ ಓಕ್ ಮರ ದಾರಿಗೆ ಅಡ್ಡ ಬೀಳುತ್ತದೆ. ಇಲ್ಲವೇ ಪಿಕಪ್ ಒಂದು ಹಡ್ಲಿನ (ಜೌಗು ಜಾಗದ) ತಿರುವಿನಲ್ಲಿ ಹೂತು ಕೂರುತ್ತದೆ. ಮೊದಲೆಲ್ಲ ಚೈನ್ ಬ್ಲಾಕ್ ಕಟ್ಟಿ ಎಳೆಯುತ್ತಿದ್ದೆವು. ಅರ್ಧ ದಿನ ಅದಕ್ಕೇ ಹೋಗುತ್ತಿತ್ತು. 2016ರಲ್ಲಿ ವಿಂಚ್ ಕೊಂಡೆ. ಆಗಿನಿಂದ ಅದೇ ವಿಂಚು ಎರಡು ಗಾಡಿಯಲ್ಲಿ, ಮೂರು ಬೇರೆ ಬೇರೆ ಬಂಪರಿನಲ್ಲಿ ಕೂತು ಕೆಲಸ ಮಾಡಿದೆ. ಒಂದು ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ್ದು, ಒಂದು ಆನ್‌ಲೈನ್‌ನಲ್ಲಿ ತರಿಸಿದ ರೆಡಿಮೇಡ್ ಉಕ್ಕಿನ ಬಂಪರ್, ಇನ್ನೊಂದು ಕಂಪನಿ ಬಂಪರಿನ ಹಿಂದೆ ಅಡಗಿ ಕೂರುವ ಪ್ಲೇಟು. ಹಾಗಾಗಿ ಹೋಲಿಸಿ ಹೇಳುವ ಧೈರ್ಯ ಮಾಡುತ್ತಿದ್ದೇನೆ.

ವಿಂಚಿನ ಬಗ್ಗೆ ಮೊದಲು ಎರಡು ಮಾತು. ನನ್ನದು 9500 ಪೌಂಡಿನದು, ಅಂದರೆ ಸುಮಾರು 4300 ಕೆಜಿ ಎಳೆತ. ಗಾಡಿ ಪೂರ್ತಿ ಲೋಡಾದಾಗ ಎಷ್ಟು ತೂಗುತ್ತದೋ ಅದರ ಒಂದೂವರೆ ಪಟ್ಟು ಎಳೆಯುವ ವಿಂಚು ಬೇಕು ಅನ್ನುವುದು ರೂಢಿಯ ಲೆಕ್ಕ. ನನ್ನ ಮಹೀಂದ್ರ ಥಾರ್ ಜೀಪಿಗೆ ಇದು ಸಾಕಾಗಿ ಸ್ವಲ್ಪ ಮಿಗುತ್ತದೆ. ಆದರೆ ಆ 4300 ಕೆಜಿ ಸಿಗುವುದು ಡ್ರಮ್ಮಿನ ಮೇಲೆ ಹಗ್ಗದ ಒಂದೇ ಪದರ ಉಳಿದಾಗ ಮಾತ್ರ. ಪದರದ ಮೇಲೆ ಪದರ ಸುತ್ತಿಕೊಂಡಂತೆ ಎಳೆಯುವ ಶಕ್ತಿ ಇಳಿಯುತ್ತದೆ. ಹತ್ತಿರದ ಮರಕ್ಕೆ ಕಟ್ಟಿ "ಯಾಕೋ ಎಳೀತಿಲ್ಲ" ಅಂತ ಒದ್ದಾಡುವವರನ್ನು ನೋಡಿದ್ದೇನೆ. ನಾನೂ ಒದ್ದಾಡಿದ್ದೇನೆ. ಆಗ ಮರಕ್ಕೆ ಸ್ನ್ಯಾಚ್ ಬ್ಲಾಕ್ (ಹಗ್ಗ ಹಾಯುವ ರಾಟೆ) ಹಾಕಿ ಹಗ್ಗವನ್ನು ವಾಪಸ್ ಗಾಡಿಗೇ ತಂದು ಕಟ್ಟಿದರೆ ಎಳೆತ ಹೆಚ್ಚುಕಮ್ಮಿ ದುಪ್ಪಟ್ಟು.

ಆದರೆ ಆ ಎಳೆತವೆಲ್ಲ ಕೊನೆಗೆ ನಿಲ್ಲುವುದು ಬಂಪರನ್ನು ಚಾಸಿಗೆ ಹಿಡಿದಿರುವ ನಾಲ್ಕಾರು ಬೋಲ್ಟುಗಳ ಮೇಲೆ. ಬಂಪರ್ ನೋಡಲು ಹೋದವರು ಮುಂದಿನಿಂದ ನೋಡುತ್ತಾರೆ. ನಾನೂ ಮೊದಲ ಸಲ ಹಾಗೇ ಮಾಡಿದೆ.

ಮೊದಲನೆಯದು 2013ರ ಹಳೇ ಥಾರ್ ಸಿಆರ್‌ಡಿಇಗೆ (ಡೀಸೆಲ್ ಮಾದರಿ) ಮಾಡಿಸಿದ್ದು. ವೆಲ್ಡಿಂಗ್ ಶಾಪಿನವನು ಆರು ಎಂಎಂ ದಪ್ಪದ ಎಂಎಸ್ (ಮೆದು ಉಕ್ಕಿನ) ಶೀಟು ತೋರಿಸಿ, "ಸಾರ್, ಇದ್ರಲ್ಲಿ ಲಾರಿ ಎಳೀಬಹುದು" ಅಂದ. ಹದಿನಾಲ್ಕು ಸಾವಿರಕ್ಕೆ ಒಪ್ಪಿದೆ. ಮೂರು ದಿನದಲ್ಲಿ ಬಂಪರ್ ರೆಡಿ. ನೋಡಲು ಚೆನ್ನಾಗಿಯೇ ಇತ್ತು.

ಕೂರಿಸುವಾಗ ಮೊದಲ ತಕರಾರು. ಈ ಅಳತೆಯ ವಿಂಚುಗಳ ಕಾಲಿನ ತೂತು ಎಲ್ಲ ಕಡೆ ಒಂದೇ ಥರ ಇರುತ್ತವೆ: ಅಗಲಕ್ಕೆ 10 ಇಂಚು, ಆಳಕ್ಕೆ ನಾಲ್ಕೂವರೆ ಇಂಚು. ಅವನು ಟೇಪಿನಲ್ಲಿ ಅಂದಾಜು ಹಿಡಿದು ತೂತು ಹಾಕಿದ್ದ. ಎರಡು ಬೋಲ್ಟು ಇಳಿದವು, ಇನ್ನೆರಡು ಇಳಿಯಲಿಲ್ಲ. ತೂತನ್ನು ಉಜ್ಜಿ ಉದ್ದ ಮಾಡಿದ. ನಾನು ಸುಮ್ಮನಿದ್ದೆ. ಈಗಾಗಿದ್ದರೆ ಪ್ಲೇಟು ಬದಲಿಸು ಅನ್ನುತ್ತಿದ್ದೆ. ಉದ್ದ ತೂತಿನಲ್ಲಿ ವಿಂಚು ಒಂದು ಕೂದಲೆಳೆ ಜರುಗಿದರೂ ಡ್ರಮ್ಮಿನ ಎರಡು ತುದಿ ಓರೆಯಾಗಿ ಮೋಟಾರು ಬಿಗಿಯುತ್ತದೆ. ಬೋಲ್ಟುಗಳ ತಲೆಯ ಮೇಲೆ ಯಾವ ನಂಬರೂ ಇರಲಿಲ್ಲ. ಬೋಲ್ಟು ಎಷ್ಟು ಗಟ್ಟಿ ಅಂತ ಹೇಳುವ ನಂಬರು ಅದು, ಕಡೇ ಪಕ್ಷ 8.8 ಅಂತ ಇರಬೇಕು. ಅದೂ ನನಗೆ ಆಮೇಲೆ ಗೊತ್ತಾದ ವಿಷಯ.

ಎರಡು ಮಳೆಗಾಲ ತೊಂದರೆ ಕೊಡಲಿಲ್ಲ. ನೇರ ಎಳೆತಕ್ಕೆ ಅದು ಗಟ್ಟಿಯೇ. ಮೂರನೇ ವರ್ಷ ಕಣದ ಪಕ್ಕ ಬಿದ್ದ ಮರವನ್ನು ಓರೆಯಾಗಿ ಎಳೆಯಬೇಕಾಯಿತು. ಗಾಡಿ ತಿರುಗಿಸಿ ನಿಲ್ಲಿಸಲು ಜಾಗ ಇರಲಿಲ್ಲ. ಎಳೆಯುತ್ತಾ ಎಳೆಯುತ್ತಾ "ಟಕ್" ಅಂತ ಒಂದು ಸದ್ದು. ಹಗ್ಗ ಅಂದುಕೊಂಡು ಎಲ್ಲರೂ ಹಿಂದೆ ಓಡಿದೆವು. ಹಗ್ಗ ಹಾಗೇ ಇತ್ತು. ಎಡಗಡೆ ಬ್ರಾಕೆಟ್ಟಿನ ವೆಲ್ಡು ಬಿರುಕು ಬಿಟ್ಟಿತ್ತು. ಬಿಚ್ಚಿ ನೋಡಿದರೆ ಬ್ರಾಕೆಟ್ಟು ಚಾಸಿಯ ಮುಂದಿನ ಮುಖಕ್ಕೆ ಮಾತ್ರ ಅಂಟಿಕೊಂಡಿತ್ತು. ಪಕ್ಕಕ್ಕೆ ಹಿಡಿಯುವ ಪಟ್ಟಿಯೇ ಇರಲಿಲ್ಲ. ಆರು ಎಂಎಂ ಶೀಟು ಮುಂದೆ ಮೆರೆಯುತ್ತಿತ್ತು, ಹಿಂದೆ ಅದನ್ನು ಹಿಡಿದಿದ್ದು ಬೆರಳುದ್ದದ ನಾಲ್ಕು ವೆಲ್ಡು.

ಬೇರೆ ಕಡೆ ಕೊಟ್ಟು ಚಾಸಿಯ ಎರಡೂ ಪಕ್ಕ ಹಿಂದಕ್ಕೆ ಓಡುವ ಪಟ್ಟಿ ಹಾಕಿಸಿದೆ. ಆಮೇಲೆ ಗಾಡಿ ಮಾರುವವರೆಗೂ ಅದು ಅಲ್ಲಾಡಲಿಲ್ಲ. ಅಂದರೆ ಊರಲ್ಲೇ ಮಾಡಿಸುವುದು ತಪ್ಪಲ್ಲ. ಏನು ಮಾಡಿಸಬೇಕು ಅಂತ ನಮಗೆ ಗೊತ್ತಿರಬೇಕು, ಅಷ್ಟೇ.

ಇನ್ನೊಂದು ವಿಷಯದಲ್ಲಿ ಹಳೇ ಥಾರ್ ಉಪಕಾರಿ. ಬಂಪರ್, ವಿಂಚ್ ಸೇರಿ ಮುಂದೆ ಸುಮಾರು ಎಂಬತ್ತು ಕೆಜಿ ಬಿದ್ದು ಮೂತಿ ಎರಡು ಬೆರಳು ಕೂತಿತ್ತು. ಅದಕ್ಕೆ ಮುಂದೆ ಸ್ಪ್ರಿಂಗಿನ ಬದಲು ಟಾರ್ಷನ್ ಬಾರ್ (ತಿರುಚಿಕೊಂಡು ಭಾರ ಹೊರುವ ಉಕ್ಕಿನ ಸರಳು) ಇರುವುದರಿಂದ ಮೆಕ್ಯಾನಿಕ್ ಎರಡು ಬೋಲ್ಟು ತಿರುಗಿಸಿ ಎತ್ತಿಕೊಟ್ಟ. ಖರ್ಚು ಅಲೈನ್‌ಮೆಂಟಿನದು ಮಾತ್ರ. ಈ ಸವಲತ್ತು ಮುಂದಿನ ಗಾಡಿಯಲ್ಲಿ ಸಿಗಲಿಲ್ಲ.

ಮುಂದಿನ ಗಾಡಿ 2021ರಲ್ಲಿ ತಂದ ಹೊಸ ಥಾರ್. ಈ ಸಲ ವೆಲ್ಡಿಂಗ್ ಶಾಪಿನ ಸಹವಾಸ ಬೇಡ ಅಂತ ಮೂವತ್ತೆಂಟು ಸಾವಿರ ಕೊಟ್ಟು ರೆಡಿಮೇಡ್ ಬಂಪರ್ ತರಿಸಿದೆ. ಲೇಸರಿನಲ್ಲಿ ಕತ್ತರಿಸಿದ ಪ್ಲೇಟು, ಪೌಡರ್ ಕೋಟಿಂಗು, ಚಾಸಿಯ ಎರಡೂ ಪಕ್ಕ ಹಿಡಿಯುವ ಬ್ರಾಕೆಟ್ಟು, ಡಿ ಶ್ಯಾಕಲ್ (ಎಳೆಯಲು ಸಿಕ್ಕಿಸುವ ಉಕ್ಕಿನ ಕೊಂಡಿ) ಹಾಕಲು ದಪ್ಪ ಕಿವಿ. ಎಳೆತದ ವಿಷಯದಲ್ಲಿ ಮೂರರಲ್ಲಿ ಇದೇ ಗಟ್ಟಿ. ಓರೆ ಎಳೆತಕ್ಕೂ ಜಗ್ಗಲಿಲ್ಲ. ಹಗ್ಗವನ್ನು ಕೈಯಲ್ಲಿ ಎಳೆದುಕೊಳ್ಳಲು ಡ್ರಮ್ಮನ್ನು ಸಡಿಲ ಬಿಡುವ ಕ್ಲಚ್ ಲಿವರ್ ಕೈಗೆ ಸಿಗುತ್ತದೆ. ಹಗ್ಗ ಡ್ರಮ್ಮಿನ ಮೇಲೆ ಹೇಗೆ ಸುತ್ತುತ್ತಿದೆ ಅಂತ ನಿಂತಲ್ಲೇ ಕಾಣುತ್ತದೆ. ಇದು ಸಣ್ಣ ಅನುಕೂಲ ಅಲ್ಲ. ಹಗ್ಗ ಒಂದೇ ಕಡೆ ಗುಡ್ಡೆ ಬಿದ್ದರೆ ಡ್ರಮ್ಮಿಗೂ ಅಡ್ಡಪಟ್ಟಿಗೂ ನಡುವೆ ಸಿಕ್ಕಿಕೊಳ್ಳುತ್ತದೆ.

ಹಾಗಿದ್ದರೆ ಯಾಕೆ ತೆಗೆದೆ?

ಮೊದಲ ಕಾರಣ ತೂಕ. ಬಂಪರ್ ಒಂದೇ ನಲವತ್ತೈದು ಕೆಜಿ. ಜೊತೆಗೆ ಉಕ್ಕಿನ ಹಗ್ಗದ ವಿಂಚು ಮೂವತ್ತೆಂಟು. ಎರಡೂ ಮುಂದಿನ ಚಕ್ರಕ್ಕಿಂತ ಮುಂದೆ ನೇತಾಡುತ್ತವೆ. ಚಕ್ರದ ಕಮಾನಿನ ಎತ್ತರ ಮೊದಲೇ ಅಳೆದಿಟ್ಟಿದ್ದೆ. ಕೂರಿಸಿದ ಮೇಲೆ ಎರಡೂವರೆ ಸೆಂಟಿಮೀಟರ್ ಇಳಿದಿತ್ತು. ಹೊಸ ಥಾರ್‌ನಲ್ಲಿ ಮುಂದೆ ಕಾಯಿಲ್ ಸ್ಪ್ರಿಂಗ್. ಬೋಲ್ಟು ತಿರುಗಿಸಿ ಎತ್ತುವ ಆಟ ನಡೆಯುವುದಿಲ್ಲ, ಗಟ್ಟಿ ಸ್ಪ್ರಿಂಗ್ ಹಾಕಬೇಕು. ಹಾಕಿದರೆ ಖಾಲಿ ಗಾಡಿ ಕುಣಿಯುತ್ತದೆ. ಕಂಪನಿ ಕೊಟ್ಟ 41 ಡಿಗ್ರಿ ಮೇಲಿನ ಅಪ್ರೋಚ್ ಆಂಗಲ್ಲಿಗೆ (ಮೂತಿ ತಾಗದೆ ಹತ್ತಬಹುದಾದ ಏರಿನ ಕೋನ) ದುಡ್ಡು ಕೊಟ್ಟು, ಆಮೇಲೆ ಅದನ್ನೇ ಕಮ್ಮಿ ಮಾಡಿಕೊಳ್ಳುವುದು ಯಾವ ಜಾಣತನ? ಚಾರ್ಮಾಡಿ ಘಾಟಿ ಹತ್ತುವಾಗ ಏಸಿ ಹಾಕಿದರೆ ಟೆಂಪರೇಚರ್ ಮುಳ್ಳು ಮೊದಲಿಗಿಂತ ಮೇಲೆ ನಿಲ್ಲುತ್ತಿತ್ತು. ರೇಡಿಯೇಟರಿಗೆ ಗಾಳಿ ಹೋಗುವ ದಾರಿಯನ್ನು ಆ ದಪ್ಪ ತಟ್ಟೆ ಕಿರಿದು ಮಾಡಿತ್ತು.

ಎರಡನೇ ಕಾರಣ ಏರ್‌ಬ್ಯಾಗ್. ಹಳೇ ಥಾರ್‌ನಲ್ಲಿ ಅದು ಇರಲೇ ಇಲ್ಲ, ಹಾಗಾಗಿ ತಲೆಬಿಸಿಯೂ ಇರಲಿಲ್ಲ. ಹೊಸದರಲ್ಲಿ ಎರಡಿವೆ. ಗುದ್ದಿದ ಪೆಟ್ಟು ಎಷ್ಟು ಬೇಗ, ಎಷ್ಟು ಜೋರಾಗಿ ಚಾಸಿಗೆ ಬರುತ್ತದೆ ಅನ್ನುವುದನ್ನು ನೋಡಿ ಏರ್‌ಬ್ಯಾಗ್ ಬಿಚ್ಚಬೇಕೋ ಬೇಡವೋ ಅಂತ ಸೆನ್ಸರ್ ನಿರ್ಧರಿಸುತ್ತದೆ. ಕಂಪನಿ ಆ ಲೆಕ್ಕ ಹಾಕಿರುವುದು ತನ್ನ ಬಂಪರಿಗೆ. ಅಲ್ಲಿ ಗಟ್ಟಿ ಉಕ್ಕು ಬಂದು ಕೂತರೆ ಲೆಕ್ಕ ತಪ್ಪುತ್ತದೆ. ಎದುರಿಗೆ ಸಿಕ್ಕವನು ನಡೆದು ಹೋಗುವವನಾಗಿದ್ದರೆ ಅವನ ಗತಿಯಂತೂ ಕೇಳಲೇಬೇಡಿ.

ಕಾನೂನೂ ಇದನ್ನೇ ಹೇಳುತ್ತದೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆದು, ಗಾಡಿಯ ಮುಂದೆ ಕ್ರ್ಯಾಶ್ ಗಾರ್ಡ್, ಬುಲ್ ಬಾರ್ ಅನ್ನುವ ಲೋಹದ ತಡೆಕಂಬಿ ಹಾಕುವುದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ವಿರುದ್ಧ ಅಂತ ಹೇಳಿತು. ನನ್ನ ಬಂಪರಿಗೆ ಮೇಲೆ ಅಂಥದ್ದೇ ಒಂದು ಕಂಬಿಯ ಬಳೆ ಬೇರೆ ಇತ್ತು. ಘಾಟಿಯ ತಪಾಸಣೆಯಲ್ಲಿ ಎರಡು ಸಲ ದಂಡ ಕಟ್ಟಿದೆ. ದಂಡ ಹಾಕಿದವರದ್ದೇನೂ ತಪ್ಪಿಲ್ಲ. ತಮ್ಮ ಮಾತ್ರ, "ಅಣ್ಣಾ, ಇದು ಬಂಪರ್ರೋ, ಇಎಂಐಯೋ?" ಅಂತ ಇವತ್ತಿಗೂ ಕಾಲೆಳೆಯುತ್ತಾನೆ.

ಹಾಗೆ ಮೂರನೆಯದಕ್ಕೆ ಬಂದೆ. ಇದು ಬಂಪರೇ ಅಲ್ಲ. ಹದಿನೆಂಟು ಕೆಜಿಯ ಒಂದು ಪ್ಲೇಟು, ಬೆಲೆ ಹದಿನಾರು ಸಾವಿರ. ಕಂಪನಿ ಬಂಪರ್ ಬಿಚ್ಚಿ, ಹಿಂದೆ ಚಾಸಿಯ ತುದಿಗಳಿಗೆ ಪ್ಲೇಟು ಬಿಗಿದು, ವಿಂಚು ಕೂರಿಸಿ, ಬಂಪರನ್ನು ಮತ್ತೆ ಮುಚ್ಚುವುದು. ಹೊರಗೆ ಕಾಣುವುದು ಹಗ್ಗ ಬರುವ ಬಾಯಿ ಮಾತ್ರ. ಕೇಳಲು ಎಷ್ಟು ಸುಲಭ!

ಕೂರಿಸಲು ಒಂದೂವರೆ ದಿನ ಹಿಡಿಯಿತು. ಬಂಪರಿನ ಪ್ಲಾಸ್ಟಿಕ್ಕನ್ನು ಒಳಗಿನಿಂದ ಕೊಯ್ಯಬೇಕು. ಕೊಯ್ದ ಮೇಲೆ ವಾಪಸ್ ಅಂಟುವುದಿಲ್ಲ, ಹಾಗಾಗಿ ರಟ್ಟಿನಲ್ಲಿ ಅಚ್ಚು ಕತ್ತರಿಸಿ ಇಟ್ಟು ನೋಡಿ ಆಮೇಲೆ ಬ್ಲೇಡು ಹಚ್ಚಿದೆವು. ವಿಂಚಿನ ಮೇಲೆ ಕೂರುವ ಕಂಟ್ರೋಲ್ ಡಬ್ಬಿಗೆ ಅಲ್ಲಿ ಜಾಗವಿಲ್ಲ. ಅದನ್ನು ಬಾನೆಟ್ಟಿನೊಳಗೆ ಬ್ಯಾಟರಿ ಪಕ್ಕಕ್ಕೆ ಸಾಗಿಸಿದೆವು. ಅದಕ್ಕೆ ಉದ್ದ ಕೇಬಲ್ ಬೇಕು. ಇಲ್ಲಿ ದುಡ್ಡು ಉಳಿಸಬೇಡಿ. ಪೂರ್ತಿ ಭಾರ ಬಿದ್ದಾಗ ಈ ಮೋಟಾರು ನಾನೂರು ಆಂಪಿಯರ್ ಹತ್ತಿರ ಎಳೆಯುತ್ತದೆ. ತೆಳು ಕೇಬಲ್ ಹಾಕಿದರೆ ಮೊದಲು ಬಿಸಿ, ಆಮೇಲೆ ವಾಸನೆ, ಆಮೇಲೆ ಹೊಗೆ. ಬ್ಯಾಟರಿ ಹತ್ತಿರ ವಿಂಚಿಗೆ ಹೋಗುವ ಕರೆಂಟು ಕಡಿಯುವ ಒಂದು ಐಸೊಲೇಟರ್ ಸ್ವಿಚ್ಚೂ ಹಾಕಿಸಿದೆ. ಕೆಲಸ ಇಲ್ಲದಾಗ ಅದು ಆಫ್.

ಇದೇ ಸಲ ಉಕ್ಕಿನ ಹಗ್ಗ ತೆಗೆದು ಸಿಂಥೆಟಿಕ್ ಹಾಕಿದೆ. ಹಗ್ಗ ಹಾಯುವ ಬಾಯಲ್ಲಿದ್ದ ಉಕ್ಕಿನ ರೋಲರ್ ಹೋಗಿ ನುಣುಪಾದ ಅಲ್ಯೂಮಿನಿಯಂ ಬಾಯಿ ಬಂತು. ಎರಡೂ ಸೇರಿ ಹತ್ತಿರ ಹತ್ತಿರ ಹತ್ತು ಕೆಜಿ ಇಳಿಯಿತು. ಹಳೇ ರೋಲರಿನಲ್ಲಿ ಉಕ್ಕಿನ ಹಗ್ಗ ಕೊರೆದ ಗೆರೆಗಳಿರುತ್ತವೆ, ಅದೇ ರೋಲರಿಗೆ ಸಿಂಥೆಟಿಕ್ ಹಾಕಿದರೆ ಎಳೆ ಎಳೆಯಾಗಿ ಕಿತ್ತು ಬರುತ್ತದೆ. ಉಕ್ಕಿನ ಹಗ್ಗ ನಮ್ಮ ಮಳೆಗೆ ತುಕ್ಕು ಹಿಡಿದು ತಂತಿ ಸಿಡಿದು ಕೈಗೆ ಚುಚ್ಚುತ್ತಿತ್ತು. ಕಡಿದು ಹಾರಿದರೆ ಅದರ ಹೊಡೆತ ಬೇರೆ. ಸಿಂಥೆಟಿಕ್‌ಗೆ ಶತ್ರು ಕೆಸರು ಮತ್ತು ಬಿಸಿ. ಮಣ್ಣಿನ ಕಣ ಎಳೆಗಳ ಒಳಗೆ ಸೇರಿ ಕೊರೆಯುತ್ತದೆ, ಕೆಲಸ ಮುಗಿದ ಮೇಲೆ ಬಕೆಟ್ಟಿನಲ್ಲಿ ನೆನೆಹಾಕಿ ತೊಳೆಯಬೇಕು. ನನ್ನ ವಿಂಚಿನಲ್ಲಿ ಬ್ರೇಕ್ ಡ್ರಮ್ಮಿನ ಒಳಗೇ ಇದೆ. ಭಾರ ಇರುವಾಗ ಹಗ್ಗ ಬಿಡುತ್ತಾ ಹೋದರೆ ಡ್ರಮ್ಮು ಕಾದು ಒಳಪದರ ಹಾಳಾಗುತ್ತದೆ. ದಿಮ್ಮಿ ಎಳೆಯುವಾಗ ನಾನು ಹಗ್ಗವನ್ನು ಮರಕ್ಕೆ ಸುತ್ತುವುದಿಲ್ಲ. ದಿಮ್ಮಿಗೆ ಮೂರು ಮೀಟರ್ ಚೈನು ಸುತ್ತಿ, ಹಗ್ಗದ ಕೊಕ್ಕೆಯನ್ನು ಅದಕ್ಕೆ ಹಾಕುತ್ತೇನೆ. ಕಡಿದರೂ ಹಾರದ ಹಾಗೆ ಹಗ್ಗದ ಮೇಲೆ ಒದ್ದೆ ಗೋಣಿಚೀಲ ಇದ್ದೇ ಇರುತ್ತದೆ. ಡ್ರಮ್ಮಿನಲ್ಲಿ ಎಂಟು ಸುತ್ತಾದರೂ ಉಳಿಸಿಕೊಳ್ಳುತ್ತೇನೆ.

ಗಾಡಿ ಮುಂದೆ ಒಂದು ಸೆಂಟಿಮೀಟರ್ ಮಾತ್ರ ಕೂತಿದೆ. ಮೂತಿ ಕಂಪನಿ ಕೊಟ್ಟ ಹಾಗೇ ಇರುವುದರಿಂದ ಕಣದ ಏರಿಯಲ್ಲಿ ಈಗ ಏನೂ ತಾಗುವುದಿಲ್ಲ. ತಪಾಸಣೆಯಲ್ಲಿ ಯಾರೂ ಕೈ ತೋರಿಸಿಲ್ಲ. ಹಾಗಂತ ಇದು ಕಾನೂನಿನ ಕಣ್ಣಿಗೆ ಬದಲಾವಣೆಯೇ ಅಲ್ಲ ಅಂದುಕೊಳ್ಳಬೇಡಿ. ಏರ್‌ಬ್ಯಾಗಿನ ಅನುಮಾನವೂ ಪೂರ್ತಿ ಹೋಗಲಿಲ್ಲ, ಬಂಪರಿನ ಹಿಂದೆ ಉಕ್ಕು ಕೂತಿರುವುದು ನಿಜ ತಾನೇ. ವಿಮೆಯವರಿಗೆ ಬರೆದು ತಿಳಿಸಿದ್ದೇನೆ.

ಕಷ್ಟಗಳೂ ಇವೆ. ಎಳೆತಕ್ಕೆ ನೇರದಲ್ಲಿ ಚೆನ್ನಾಗಿದೆ, ಆದರೆ ಜಾಸ್ತಿ ಓರೆಗೆ ನಾನೇ ಹೋಗುವುದಿಲ್ಲ. ಹಗ್ಗ ಪ್ಲಾಸ್ಟಿಕ್ಕಿಗೆ ಉಜ್ಜುತ್ತದೆ. ಸುತ್ತುವಾಗ ಹಗ್ಗ ಕಾಣುವುದಿಲ್ಲ. ಕೆಸರಲ್ಲಿ ಮಂಡಿಯೂರಿ ಟಾರ್ಚು ಬಿಟ್ಟು ನೋಡಬೇಕು. ಒಳಗೆ ಸೇರಿದ ಕೆಸರು ಪೈಪ್ ಬಿಟ್ಟರೂ ಪೂರ್ತಿ ಬರುವುದಿಲ್ಲ.

ಯಾರಾದರೂ ಕೇಳಿದರೆ ನನ್ನ ಉತ್ತರ ಹೀಗಿದೆ. ಏರ್‌ಬ್ಯಾಗ್ ಇಲ್ಲದ ಹಳೇ ಗಾಡಿ, ತೋಟದ ಗೇಟು ದಾಟದೆ ಒಳಗೇ ಓಡುವುದು ಅಂದರೆ ಊರಲ್ಲೇ ಮಾಡಿಸಿ, ಆದರೆ ಬ್ರಾಕೆಟ್ಟಿನ ಚಿತ್ರ ನೀವೇ ಬರೆದು ಕೊಡಿ. ದಿನಾ ಹೆದ್ದಾರಿಗೆ ಇಳಿಯುವ ಹೊಸ ಗಾಡಿಗೆ ಅಡಗಿದ ಪ್ಲೇಟು. ರೆಡಿಮೇಡ್ ಉಕ್ಕಿನ ಬಂಪರ್ ಫೋಟೋದಲ್ಲಿ ಮೂರರಲ್ಲೂ ಚಂದ. ನನ್ನದು ಕಾಫಿ ಗೋಡೌನಿನ ಮೂಲೆಯಲ್ಲಿದೆ. ಕೊಳ್ಳಲು ಬಂದ ಇಬ್ಬರೂ ಒಂದು ತುದಿ ಎತ್ತಿ ನೋಡಿ, ಕಾಫಿ ಕುಡಿದು ಹೋದರು.

ಅಡಗಿದ ಪ್ಲೇಟಿನಲ್ಲಿ ನನಗಿನ್ನೂ ಬಗೆಹರಿಯದ್ದು ಕ್ಲಚ್ ಲಿವರ್. ನಂಬರ್ ಪ್ಲೇಟಿನ ಹಿಂದೆ ಎರಡು ಬೆರಳು ತೂರಿಸಿ ತಿರುಗಿಸಬೇಕು, ಚಳಿಗೆ ಬೆರಳು ಮರಗಟ್ಟಿದ್ದರೆ ತಿರುಗುವುದಿಲ್ಲ. ಹೋದ ಆಗಸ್ಟಿನಲ್ಲಿ ಸೌದೆ ಕಡ್ಡಿಯಲ್ಲಿ ತಳ್ಳಿ ತಿರುಗಿಸಿದೆವು. ನಂಬರ್ ಪ್ಲೇಟನ್ನು ಮೇಲಕ್ಕೆ ಮಗುಚುವ ಹಾಗೆ ಒಂದು ಬಾಗಿಲ ತಿರುಗಣಿ ತಂದಿಟ್ಟಿದ್ದೇನೆ. ಈ ಮಳೆ ಹಿಡಿಯುವ ಮುಂಚೆ ಕೂರಿಸಬೇಕು.