ಕಲ್ಲಿದ್ದಲು ಬೂದಿ ಪರೀಕ್ಷೆಗೆ ಎರಡು ಹಂತದ ಮಫಲ್ ಫರ್ನೇಸ್: ಬಳಸಿದವಳ ಮಾತು

ನಾನು ಕಲ್ಲಿದ್ದಲು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡುವವಳು. ನಮ್ಮಲ್ಲಿಗೆ ಬಂದ ಹೊಸ ಮಫಲ್ ಫರ್ನೇಸ್, ಅಂದರೆ ಮಾದರಿಯನ್ನು ಸುಟ್ಟು ಬೂದಿ ಮಾಡುವ ಮುಚ್ಚಿದ ಕುಲುಮೆ, ನನಗೆ ತುಂಬಾ ಹಿಡಿಸಿದೆ. ಮುಖ್ಯ ಕಾರಣ, ಅದು ನಿಧಾನವಾಗಿ ಬಿಸಿಯಾಗುತ್ತದೆ.

ಮೊದಲು 500 ಡಿಗ್ರಿ ಸೆಲ್ಸಿಯಸ್‌ಗೆ ಏರಿ ಅಲ್ಲಿ ನಿಲ್ಲುತ್ತದೆ. ಆಮೇಲೆ ಬೂದಿ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 1171 ಹೇಳುವಂತೆ 815ಕ್ಕೆ ಹೋಗುತ್ತದೆ. ನಡುವೆ ನಿಲ್ಲುವುದು ಸುಮ್ನೆ ಅಲ್ಲ. ಕಲ್ಲಿದ್ದಲಿನಲ್ಲಿ ಪೈರೈಟ್ ಇರುತ್ತದೆ, ಅಂದರೆ ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ಜೊತೆಗೆ ಕ್ಯಾಲ್ಸೈಟ್ ಇರುತ್ತದೆ, ಸುಣ್ಣದಕಲ್ಲಿನಲ್ಲಿ ಇರುವುದೂ ಅದೇ. ಪೈರೈಟ್ ಮೊದಲು ಸುಡುತ್ತದೆ. ಗಂಧಕ ಸಲ್ಫರ್ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ, ಕೆಂಪು ಕಬ್ಬಿಣದ ಆಕ್ಸೈಡ್ ಉಳಿಯುತ್ತದೆ. ಕ್ಯಾಲ್ಸೈಟ್ ಒಡೆದು ಸುಣ್ಣವಾಗುವುದಕ್ಕೆ ಇನ್ನೂ ಜಾಸ್ತಿ ಶಾಖ ಬೇಕು. ಒಂದೇ ಓಟದಲ್ಲಿ ಕಾಯಿಸಿದರೆ ಎರಡೂ ಒಟ್ಟಿಗೆ ನಡೆದು, ಸುಣ್ಣ ಆ ಗಂಧಕದ ಅನಿಲವನ್ನು ಹಿಡಿದುಕೊಂಡು ಕ್ಯಾಲ್ಸಿಯಂ ಸಲ್ಫೇಟ್ ಆಗುತ್ತದೆ. ಆಗ ಬೂದಿಯ ತೂಕ ಜಾಸ್ತಿ ಬರುತ್ತದೆ. ಅದೇ ಕಲ್ಲಿದ್ದಲು, ಬೇರೆ ಅಂಕಿ! ಇದರ ಮೇಲೆ ಖರೀದಿದಾರರು ಜಗಳ ಮಾಡದೇ ಇರುತ್ತಾರಾ?

ಅನಿಲ ಹೊರಗೆ ಹೋಗಲು ಗಾಳಿ ಓಡಾಡಬೇಕು. ಬಾಗಿಲಲ್ಲಿ ತೂತು, ಹಿಂದೆ ಚಿಮಣಿ, ಎರಡೂ ಇದರಲ್ಲಿ ಚೆನ್ನಾಗಿವೆ. ಹಳೆಯ ಫರ್ನೇಸ್‌ನಲ್ಲಿ ಚಿಮಣಿಯೇ ಇರಲಿಲ್ಲ. ಗಂಧಕ ಜಾಸ್ತಿ ಇರುವ ಮಾದರಿಗಳಲ್ಲಿ ಒಂದೇ ಉತ್ತರ ಎರಡು ಸಲ ಬರುವುದೇ ಕಷ್ಟವಾಗಿತ್ತು.

ಕೊರತೆಯೂ ಇದೆ. ಬಾಗಿಲ ಹತ್ತಿರ ಶಾಖ ಕಡಿಮೆ, ಮುಂದಿನ ಸಾಲಿನಲ್ಲಿ ನಾನು ಕ್ರೂಸಿಬಲ್ (ಮಾದರಿ ಹಾಕುವ ಸಣ್ಣ ಬಟ್ಟಲು) ಇಡುವುದೇ ಇಲ್ಲ. ಕರೆಂಟ್ ಹೋಗಿ ಬಂದರೆ ಪ್ರೋಗ್ರಾಂ ನಿಂತಲ್ಲಿಂದ ಮುಂದುವರಿಯುವುದಿಲ್ಲ, ಮೊದಲಿಂದ ಶುರುವಾಗುತ್ತದೆ.

ಬೂದಿ ಅಂದರೆ ಕಲ್ಲಿದ್ದಲಿನಲ್ಲಿದ್ದ ಖನಿಜವೇ ಅಂತ ರಿಪೋರ್ಟ್ ನೋಡುವವರು ಅಂದುಕೊಳ್ಳುತ್ತಾರೆ. ಹಾಗಲ್ಲ. ಜೇಡಿ ಖನಿಜ ಕೆಯೊಲಿನೈಟ್ ನೀರು ಬಿಟ್ಟು ಸುಮಾರು 14% ತೂಕ ಕಳೆದುಕೊಳ್ಳುತ್ತದೆ. ಕ್ಯಾಲ್ಸೈಟ್ 44% ಕಳೆದುಕೊಳ್ಳುತ್ತದೆ. ಕ್ವಾರ್ಟ್ಸ್ ಮಾತ್ರ ಇದ್ದಂತೆಯೇ ಇರುತ್ತದೆ. ಅದಕ್ಕೇ ಪಾರ್ ಸೂತ್ರದಲ್ಲಿ ಬೂದಿಯನ್ನು 1.08ರಿಂದ, ಗಂಧಕವನ್ನು 0.55ರಿಂದ ಗುಣಿಸಿ, ಎರಡನ್ನೂ ಕೂಡಿಸಿ ಖನಿಜದ ಅಂದಾಜು ತೆಗೆಯುತ್ತಾರೆ.

ಬಾಯ್ಲರಿನಲ್ಲಿ ಕ್ಲಿಂಕರ್ (ಬೂದಿ ಕರಗಿ ಗಟ್ಟಿಯಾದ ಗಡ್ಡೆ) ಕಟ್ಟುತ್ತದಾ ಅಂತ ಕೇಳುವವರಿಗೆ ಈ ಫರ್ನೇಸ್ ಸಾಲದು. ಪುಡಿ ಕಲ್ಲಿದ್ದಲು ಉರಿಯುವ ಜ್ವಾಲೆ 1,300 ಡಿಗ್ರಿ ದಾಟುತ್ತದೆ. ಅಲ್ಲಿ ಜೇಡಿ, ಕಬ್ಬಿಣ, ಸುಣ್ಣ ಸೇರಿ ಕರಗುತ್ತವೆ. ಕರಗಿದ ಹನಿಗಳು ಹಾರುವಾಗಲೇ ತಣಿದರೆ ಸಣ್ಣ ಗಾಜಿನ ಗುಂಡುಗಳಾಗುತ್ತವೆ, ಕೊಳವೆಗೆ ಬಡಿದರೆ ಅಂಟಿಕೊಳ್ಳುತ್ತವೆ. ಅದನ್ನು ತಿಳಿಯಲು ಬೂದಿ ಕರಗುವ ಶಾಖವನ್ನು ಬೇರೆಯಾಗಿ ಅಳೆಯಬೇಕು.

ಬೂದಿಯ ಪ್ರಮಾಣ ಅಳೆಯುವುದಷ್ಟೇ ನಿಮ್ಮ ಕೆಲಸವಾದರೆ ಧೈರ್ಯವಾಗಿ ತೆಗೆದುಕೊಳ್ಳಿ. ಎರಡು ಹಂತದ ಪ್ರೋಗ್ರಾಂ ಮತ್ತು ಚಿಮಣಿ ಇದೆಯಾ ಅಂತ ಮಾತ್ರ ಮೊದಲೇ ಕೇಳಿ ನೋಡಿ.